ಚಿತ್ರ ಬಾರದ ಕಂಪ್ಯೂಟರ್ ತಂದವರು

ಮಾವನ ಎಡಗಣ್ಣು ಯಾವಾಗಲೂ ಅರ್ಧ ಮುಚ್ಚಿಯೇ ಇರುತ್ತಿತ್ತು. ಮದುವೆ ಮನೆಗಳಲ್ಲಿ ಬಲಗಣ್ಣನ್ನು ಕ್ಯಾಮರಾಕ್ಕೆ ಒತ್ತಿ, ಎಡಗಣ್ಣು ಮುಚ್ಚಿ, ಜೀವಮಾನವಿಡೀ ನಿಂತು ನಿಂತು ಆ ರೆಪ್ಪೆಗೆ ಪೂರ್ತಿ ತೆರೆಯುವ ಅಭ್ಯಾಸವೇ ತಪ್ಪಿಹೋಗಿತ್ತು. ಚಹಾ ಕುಡಿಯುವಾಗಲೂ ಹಾಗೆಯೇ, ಬಂಗಡೆಯ ಮುಳ್ಳು ಬಿಡಿಸುವಾಗಲೂ ಹಾಗೆಯೇ. ಮಗನಿಗೆ ಹೆಣ್ಣು ನೋಡಲೆಂದು ನಮ್ಮ ಮನೆಗೆ ಬಂದ ದಿನ ನಾನು ಚಹಾದ ತಟ್ಟೆ ಹಿಡಿದು ಹೊರಗೆ ಬಂದರೆ, ಹುಡುಗನ ಅಪ್ಪ ನನಗೆ ಕಣ್ಣು ಹೊಡೆಯುತ್ತಿದ್ದಾರೆ! ಒಳಗೆ ಓಡಿ ಆಯಿಗೆ, ಅಂದರೆ ನನ್ನ ಅಮ್ಮನಿಗೆ, ದೂರು ಹೇಳಿದೆ. ಆಯಿ ಬಾಗಿಲ ಸಂದಿಯಿಂದ ಇಣುಕಿ ನೋಡಿ, "ಅಯ್ಯ ಹುಚ್ಚೀ, ಅವರು ವಿಡಿಯೋದವರಲ್ವೇನೇ, ಕಣ್ಣೇ ಹಾಗೆ" ಎಂದು ತಲೆಗೊಂದು ಮೊಟಕಿದಳು.

ಅವರದು ಸಮುದ್ರದಲ್ಲಿ ಮೀನು ಹಿಡಿಯುವ ಮನೆತನ. ಅಣ್ಣತಮ್ಮಂದಿರೆಲ್ಲ ದೋಣಿ ಹತ್ತಿದರೆ ಇವರೊಬ್ಬರಿಗೆ ದೋಣಿ ಕಂಡರೇ ಹೊಟ್ಟೆ ತೊಳಸುತ್ತಿತ್ತಂತೆ. "ಸಮುದ್ರದ ಮೀನಿಗೆ ನಾ ಹಾಕಿದಷ್ಟು ಊಟ ಇನ್ಯಾರೂ ಹಾಕ್ಲಿಲ್ಲ" ಎಂದು ತಾವೇ ಹೇಳಿ ನಗುತ್ತಿದ್ದರು. ಹಾಗಾಗಿ ಅಂಕೋಲೆಯ ಪೇಟೆಯಲ್ಲಿ, ಗೇರುಬೀಜದ ವ್ಯಾಪಾರಿಯೊಬ್ಬರ ಅಂಗಡಿಯ ಮಹಡಿಯಲ್ಲಿ, ಒಂದು ಸ್ಟುಡಿಯೋ ಹಾಕಿದರು. ಮನೆ ಮಾತ್ರ ಕಾರವಾರದ ಶಿರವಾಡದಲ್ಲಿ. ದಿನವೂ ಬಸ್ಸಿನಲ್ಲಿ ಹೋಗಿ ಬರುವುದು. ಕ್ಯಾಮರಾದ ಚೀಲ ತೊಡೆಯ ಮೇಲೆಯೇ ಇರಬೇಕು. ಮೇಲಿನ ಕಂಬಿಗೆ ಹಾಕಿ ಎಂದು ಕಂಡಕ್ಟರ್ ಹೇಳಿದರೆ, "ನಿನ್ನ ಕೂಸನ್ನ ಅಲ್ಲಿಡ್ತ್ಯಾ?" ಎಂದು ಕೇಳುತ್ತಿದ್ದರು. ನಮ್ಮ ಮದುವೆಯಲ್ಲಿ, ಅಂದರೆ ತಮ್ಮ ಸ್ವಂತ ಮಗನ ಮದುವೆಯಲ್ಲಿ, ಧಾರೆಯ ಹೊತ್ತಿಗೆ ಭಟ್ಟರು ಕೂಗಿ ಕರೆದಾಗಲೂ, "ಒಂದ್ ನಿಮಿಷ ಭಟ್ರೇ, ಈ ಆಂಗಲ್ ಹೋದ್ರೆ ಮತ್ತೆ ಸಿಗೂದಿಲ್ಲ" ಎಂದ ಮಹಾನುಭಾವರು ಅವರು.

ಅತ್ತೆ ಹೋಗಿ ವರ್ಷಗಳಾಗಿದ್ದವು. ಗಂಡ ಬಂದರಿನಲ್ಲಿ ಕ್ರೇನ್ ನಡೆಸುವವರು, ಬೆಳಿಗ್ಗೆ ಹೋದರೆ ಸಂಜೆಯೇ. ನಾನು ಮನೆಯಲ್ಲಿ ಒಬ್ಬಳೇ ಕುಳಿತು ಮುಖ ಊದಿಸಿಕೊಳ್ಳುವುದನ್ನು ಕಂಡ ಮಾವ ಒಂದು ದಿನ ಸ್ಟುಡಿಯೋದ ಕಂಪ್ಯೂಟರನ್ನೇ ರಿಕ್ಷಾದಲ್ಲಿ ಹೇರಿಕೊಂಡು ಬಂದು ಶಿರವಾಡದ ಮನೆಯ ಕೋಣೆಯಲ್ಲಿ ಇಟ್ಟರು. "ನಾ ತೆಗೀತೆ, ನೀ ಕತ್ತರಿಸು ಬಾಯ್" ಎಂದರು. ಬಾಯ್ ಅಂದರೆ ನಮ್ಮ ಕಡೆ ಮಗಳನ್ನು ಮುದ್ದಿನಿಂದ ಕರೆಯುವುದು. ನನ್ನ ಎಡಿಟಿಂಗ್ ವಿದ್ಯೆ ಶುರುವಾದದ್ದು ಹಾಗೆ, ಮೊಬೈಲಿನಲ್ಲಿ ನೋಡಿ ಒಂದಿಷ್ಟು, ಮಾವನ ಹತ್ತಿರ ಬೈಸಿಕೊಂಡು ಒಂದಿಷ್ಟು.

ಬೈಗುಳವೆಲ್ಲ ಒಂದೇ ವಿಷಯಕ್ಕೆ. ನಮ್ಮಲ್ಲಿ ಮದುವೆಯೆಂದರೆ ಆಹೇರು ಇದ್ದದ್ದೇ. ಮದುಮಕ್ಕಳ ಕೈಗೆ ಉಡುಗೊರೆ ಕೊಟ್ಟು, ಪಕ್ಕದಲ್ಲಿ ನಿಂತು, ಕ್ಯಾಮರಾ ಕಡೆ ನೋಡಿ ಇಳಿದು ಹೋಗುವ ಸಾಲು ಅದು. ಊರಿಗೆ ಊರೇ ಆ ಸಾಲಿನಲ್ಲಿ ಬರುತ್ತದೆ. ಮಾವನ ವಿಡಿಯೋದಲ್ಲಿ ಆ ಸಾಲಿನ ಒಬ್ಬರನ್ನೂ ಬಿಡುವ ಹಾಗಿರಲಿಲ್ಲ. ಒಮ್ಮೆ ನಾನು ವೇದಿಕೆಯ ಮೇಲೆ ನಿಂತು ಬಾಯಿಬಿಟ್ಟು ಆಕಳಿಸಿದ ಒಬ್ಬ ಅಜ್ಜನನ್ನು ಕತ್ತರಿಸಿ ಎಸೆದಿದ್ದೆ. ಮಾವ ಪೂರ್ತಿ ವಿಡಿಯೋ ಕುಳಿತು ನೋಡಿದವರು ತಟ್ಟನೆ ಕೇಳಿದರು, "ನೀಲಿ ಅಂಗಿ ಅಜ್ಜ ಎಲ್ಲಿ?"

"ಆಕಳಿಸ್ತಿದ್ರು ಮಾವ. ನೋಡೂಕೆ ಚಂದ ಇಲ್ಲ."

"ಅವ ಬಸ್ಸು ಬದಲಿಸಿ ಬದಲಿಸಿ ಬಂದಾನೆ. ಆಕಳಿಕೆ ಬರದೇ ಮತ್ತೆಂತ ಬರ್ತದೆ? ಹಾಕು ಅವನ್ನ. ನಾಳೆ ಮನೆಮಂದಿ ಎಲ್ಲ ಕೂತ್ಕೊಂಡು ನೋಡ್ವಾಗ ಅವ ಇಲ್ಲ ಅಂದ್ರೆ, ಆ ಎರಡು ಮನೆಗೂ ಮಾತು ಬಿಡ್ತದೆ."

ನಾನು ಗೊಣಗುತ್ತಾ ಅಜ್ಜನನ್ನು ಮತ್ತೆ ಒಳಗೆ ತಂದೆ, ಆಕಳಿಕೆಯ ಸಮೇತ. ಹೀಗೆ ಯಾರನ್ನೂ ಬಿಡದ ಕಾರಣ ನಮ್ಮ ವಿಡಿಯೋಗಳು ಮದುವೆಯಷ್ಟೇ ಉದ್ದವಾಗಿರುತ್ತಿದ್ದವು. ಅದನ್ನೆಲ್ಲ ಕೊನೆಗೆ ಒಂದೇ ವಿಡಿಯೋ ಆಗಿ ಬೇಯಿಸಿ ಕೊಡುವ ಕೆಲಸಕ್ಕೆ ರೆಂಡರ್ ಎನ್ನುತ್ತೇವೆ. ಆ ಹಳೇ ಕಂಪ್ಯೂಟರ್ ರೆಂಡರಿಗೆ ಕೂತರೆ ಮುಗಿಯಿತು, ಏದುಸಿರು ಬಿಡುತ್ತಾ, ಕೋಣೆಯನ್ನೆಲ್ಲ ಬಿಸಿ ಮಾಡುತ್ತಾ, ಮುಗಿಯುವ ಹೊತ್ತಿಗೆ ನಿಂತುಬಿಡುತ್ತಿತ್ತು. ಮತ್ತೆ ಮೊದಲಿಂದ. ಮದುವೆ ಹಂಗಾಮಿನಲ್ಲಿ ನನಗೆ ಅಳುವೇ ಬರುತ್ತಿತ್ತು.

ಆಗ ಮಾವನ ಹತ್ತಿರ ಕೂಡಿಟ್ಟ ದುಡ್ಡು ಇದ್ದದ್ದು ಒಂದು ಹೊಸ ಕ್ಯಾಮರಾಕ್ಕೆ. ಇದ್ದ ಕ್ಯಾಮರಾ ಹಗಲಿನಲ್ಲಿ ಸರಿಯೇ. ಸಂಜೆಯ ಆರತಕ್ಷತೆಗೆ, ಮಂದ ಬೆಳಕಿಗೆ, ಅದರ ಚಿತ್ರವೆಲ್ಲ ಮರಳು ಮರಳು. ಕಡಿಮೆ ಬೆಳಕಿನಲ್ಲೂ ಚೆನ್ನಾಗಿ ತೆಗೆಯುವ ಕ್ಯಾಮರಾ ಬಂದರೆ ಇನ್ನೊಂದಷ್ಟು ವರ್ಷ ಯಾರ ಹಂಗೂ ಇಲ್ಲದೆ ದುಡಿಯಬಹುದು ಎಂಬುದು ಅವರ ಲೆಕ್ಕ. ನಾನು ಆ ಲೆಕ್ಕಕ್ಕೆ ಅಡ್ಡ ಬಂದೆ. "ಮೊದಲು ಕಂಪ್ಯೂಟರಿಗೆ ಒಳ್ಳೇ ಪ್ರೊಸೆಸರ್ ಹಾಕ್ವ ಮಾವ. ಪೂರ್ತಿ ಹೊಸತು ಬೇಡ, ಡಬ್ಬಿ ಹಳತೇ ಇರ್ಲಿ, ಒಳಗಿನ ತಲೆ ಬದಲಿಸಿದ್ರೆ ಸಾಕು. ಉಳಿದ ದುಡ್ಡಿಗೆ ಕ್ಯಾಮರಾ ಸೆಕೆಂಡ್ ಹ್ಯಾಂಡ್ ಸಿಗ್ತದೆ" ಎಂದು ದಿನಗಟ್ಟಲೆ ಬೆನ್ನು ಹತ್ತಿದೆ. ಕುಮಟೆಯಲ್ಲಿ ಒಬ್ಬರು ಮಾರುವುದಿತ್ತು, ಅದನ್ನೂ ನಾನೇ ಹುಡುಕಿ ತೋರಿಸಿದೆ. ಕೊನೆಗೆ ಅವರು ಒಪ್ಪಿದರು.

ಕಾರವಾರದ ಅಂಗಡಿಗೆ ಹೋಗುವ ಹೊತ್ತಿಗೆ ನನ್ನ ತಲೆ ತುಂಬ ವಿದ್ಯೆ. ಯಾವ ಪ್ರೊಸೆಸರಿನಲ್ಲಿ ಎಷ್ಟು ಕೋರ್, ಅಂದರೆ ಕೆಲಸ ಹಂಚಿಕೊಳ್ಳುವ ಎಷ್ಟು ಭಾಗ, ಯಾವುದು ಎಷ್ಟು ಬೇಗ ರೆಂಡರ್ ಮಾಡುತ್ತದೆ, ಎಲ್ಲ ಬಾಯಿಪಾಠ. ನನಗೆ ಬೇಕಾದದ್ದು ಒಂದೇ, ಆ ಉದ್ದದ ಆಹೇರು ಬೇಗ ಬೆಂದು ಹೊರಗೆ ಬರಬೇಕು. ಬೇರೆ ಏನನ್ನೂ ನಾನು ನೋಡಲಿಲ್ಲ. ಅಂಗಡಿಯವರು ನಮ್ಮ ದುಡ್ಡಿಗೆ ಸರಿಹೋಗುವ ಎರಡನ್ನು ಮುಂದೆ ಇಟ್ಟರು. ಒಂದರಲ್ಲಿ ಕೋರ್ ಕಡಿಮೆ. ಇನ್ನೊಂದರಲ್ಲಿ ಹೆಚ್ಚು. ನಾನು ಹೆಚ್ಚಿನದಕ್ಕೆ ಕೈ ಹಾಕಿದೆ.

ಮಾವ ಆ ಪುಟ್ಟ ಪೆಟ್ಟಿಗೆಯನ್ನು ಹಿಂದೆ ಮುಂದೆ ತಿರುಗಿಸಿ, "ಕಿವಿರು ಎತ್ತಿ ನೋಡೂಕೇ ಆಗೂದಿಲ್ವಲ್ಲ, ತಾಜಾ ಅಂತ ಹ್ಯಾಂಗೆ ತಿಳೀಬೇಕು?" ಎಂದರು. ಅಂಗಡಿಯವರು ನಕ್ಕು, ನನ್ನ ಕಡೆ ತಿರುಗಿ, "ಅಕ್ಕಾ, ಇದಕ್ಕೆ ಬೇರೆ ಕಾರ್ಡ್ ಬೇಕಾಗ್ತದೆ. ನಿಮ್ಮ ಹಳೇ ಕಂಪ್ಯೂಟರಲ್ಲಿ..." ಎಂದು ಶುರು ಮಾಡಿದರು.

"ನಂಗೆ ಗೊತ್ತದೆ. ನೀವು ಬಿಲ್ ಮಾಡಿ" ಎಂದೆ.

"ಬಾಯ್, ಅವರು ಎಂತೋ ಹೇಳ್ತಾ ಇದಾರಲ್ಲ, ಕೇಳ್ವ."

"ಮಾವ, ಇವರೆಲ್ಲ ಹಾಗೇ. ಒಂದು ತಕ್ಕೊಳ್ಳೂಕೆ ಬಂದ್ರೆ ಇನ್ನೊಂದು ಕಟ್ಟೂಕೆ ನೋಡ್ತಾರೆ." ಇದನ್ನು ಅಂಗಡಿಯವರಿಗೆ ಕೇಳಿಸುವ ಹಾಗೆಯೇ ಹೇಳಿದೆ. ಪಾಪ, ಆ ಮನುಷ್ಯ ಕಾರ್ಡಿನ ಮಾತು ಬಿಟ್ಟು ಬಿಲ್ ಬರೆದರು. ಹಳೇ ಡಬ್ಬಿ ತನ್ನಿ, ಜೋಡಿಸಿ ನಾಳೆ ಕೊಡುತ್ತೇನೆ ಎಂದದ್ದಕ್ಕೂ ನಾನು, "ಬೇಡ, ನಾನೇ ಜೋಡಿಸ್ತೆ" ಎಂದು ಎಲ್ಲ ಸಾಮಾನು ಚೀಲಕ್ಕೆ ತುಂಬಿಕೊಂಡು ಹೊರಟೆ. ನನ್ನ ಸೊಕ್ಕು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಜೋಡಿಸಿದ್ದೇನೋ ಸರಿಯಾಗಿಯೇ ಜೋಡಿಸಿದೆ. ಗುಂಡಿ ಒತ್ತಿದರೆ ಫ್ಯಾನ್ ತಿರುಗಿತು, ದೀಪ ಹತ್ತಿತು, ಪರದೆ ಮಾತ್ರ ಕಪ್ಪು. ಬಿಚ್ಚಿದೆ, ಹಾಕಿದೆ, ಒರೆಸಿದೆ, ಮತ್ತೆ ಹಾಕಿದೆ. ದೇವರ ಫೋಟೋದ ಕಡೆಯೂ ಒಮ್ಮೆ ನೋಡಿದೆ. ಮಾವ ಕುರ್ಚಿಯಲ್ಲಿ ಕುಳಿತು, "ಬೆಚ್ಚಗಾಗೂಕೆ ಬಿಡು. ನಮ್ಮ ಹಳೇ ಟೀವಿನೂ ಹೀಗೇ ಮಾಡ್ತಿತ್ತು" ಎನ್ನುತ್ತಿದ್ದರು. ನನಗೆ ರೇಗಿಹೋಗಿ, ಸುಮ್ಮನಿರಿ ಎಂದುಬಿಟ್ಟೆ.

ಮರುದಿನ ಇಬ್ಬರೂ ಅದನ್ನು ಹೊತ್ತುಕೊಂಡು ಅಂಕೋಲೆಗೆ ಹೋದೆವು. ಸ್ಟುಡಿಯೋದ ಕೆಳಗೇ ಕಂಪ್ಯೂಟರ್ ರಿಪೇರಿಯವನೊಬ್ಬ ಕೂರುತ್ತಿದ್ದ. ಬಿಚ್ಚಿ ನೋಡಿದವನೇ ಬಿದ್ದು ಬಿದ್ದು ನಕ್ಕ. "ಅಯ್ಯೋ, ಈ ಪ್ರೊಸೆಸರಿನ ಹೊಟ್ಟೇಲಿ ಚಿತ್ರ ತೋರಿಸೋ ಭಾಗವೇ ಇಲ್ವಲ್ಲ! ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದೇ ಇದು ಹುಟ್ಟಾ ಕುರುಡು. ವಿಡಿಯೋ ಮಾಡೂಕೆ ಇದನ್ನ ಆರಿಸಿದ್ದು ಯಾರು?" ಮೆಟ್ಟಿಲ ಹತ್ತಿರ ಗೇರುಬೀಜದ ವ್ಯಾಪಾರಿ, ಅವರ ಗಿರಾಕಿಗಳು, ಪಕ್ಕದ ಟೇಲರ್, ಎಲ್ಲರೂ ನಿಂತಿದ್ದರು.

"ನಾನೇ ಮಾರಾಯಾ" ಎಂದರು ಮಾವ. "ಸೊಸೆ ಬೇಡ ಬೇಡ ಅಂತ ಹೇಳಿದ್ಲು. ಪೆಟ್ಟಿಗೆ ಚಂದ ಕಂಡಿತು, ತಕ್ಕೊಂಡೆ."

ಎಲ್ಲರೂ ಗೊಳ್ಳೆಂದು ನಕ್ಕರು. ಮಾವನೂ ಅವರ ಜೊತೆ ನಕ್ಕರು. ನಾನು ನೆಲ ನೋಡುತ್ತಾ ನಿಂತೆ. ಅಲ್ಲಿಯೇ, ಆಗಲೇ, ಅಲ್ಲ ಎನ್ನಬೇಕಿತ್ತು. ಸಂಜೆ ಮನೆಯಲ್ಲಿ ಗಂಡ ಹಾರಾಡಿದರು, "ಅಪ್ಪಾ, ತಿಳೀದೇ ಇದ್ರೆ ತಿಳಿದವರ ಮಾತು ಕೇಳಬೇಕಪ್ಪಾ, ಇವಳು ಅಷ್ಟು ಓದಿ ನೋಡಿ ಹೋಗಿದ್ಲಲ್ಲ!" ಎಂದರು. ಮಾವ ಗಂಜಿಯ ತಟ್ಟೆಯಿಂದ ತಲೆ ಎತ್ತದೆ, "ಆಯ್ತಲ್ಲ ತಮಾ, ಬಿಡು" ಎಂದರು. ನಾನು ಅವರ ತಟ್ಟೆಗೆ ಇನ್ನೊಂದು ಮೀನಿನ ತುಂಡು ಹಾಕಿದೆ. ಅಂದು ನನ್ನ ಕೈಲಾದದ್ದು ಅಷ್ಟೇ.

ಬಿಚ್ಚಿ ಕೂರಿಸಿದ ಪ್ರೊಸೆಸರನ್ನು ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ. ಕಾರ್ಡುಗಳ ಬೆಲೆಗೆ ಹುಚ್ಚು ಹಿಡಿದಿದ್ದ ಕಾಲ ಅದು. ಕ್ಯಾಮರಾಕ್ಕೆಂದು ಉಳಿಸಿದ್ದೆಲ್ಲ ಕಾರ್ಡಿಗೆ ಹೋಯಿತು. ಕುಮಟೆಯ ಕ್ಯಾಮರಾವನ್ನು ಬೇರೆ ಯಾರೋ ಕೊಂಡೊಯ್ದರು.

ಕಾರ್ಡ್ ಹಾಕಿದ ಮೇಲೆ ಆ ಕಂಪ್ಯೂಟರ್ ಓಡಿದ ಓಟವೇ ಓಟ. ಹಾಗೆ ಓಡದೆ ಕೆಟ್ಟು ಕೂತಿದ್ದರೆ ನನಗೆ ಒಂದು ರೀತಿಯಲ್ಲಿ ಹಗುರವಾಗುತ್ತಿತ್ತೇನೋ. ಉದ್ದದ ಆಹೇರೆಲ್ಲ ಅಡುಗೆ ಮುಗಿಯುವುದರೊಳಗೆ ಸಿದ್ಧ. ನನ್ನ ಕೈ ಪಳಗಿತು, ಹೆಸರಾಯಿತು. ಅಂಕೋಲೆಯ, ಕಾರವಾರದ ಹೊಸ ಹುಡುಗರು ತಾವು ತೆಗೆದ ಮದುವೆಗಳನ್ನು ಹಾರ್ಡ್ ಡಿಸ್ಕಿನಲ್ಲಿ ತಂದು ನನ್ನ ಹತ್ತಿರ ಎಡಿಟ್ ಮಾಡಿಸತೊಡಗಿದರು.

ಅತ್ತ ಪೇಟೆಯಲ್ಲಿ ಮಾವನಿಗೆ ಹೆಸರು ಬಿದ್ದಿತ್ತು, "ಚಿತ್ರ ಬಾರದ ಕಂಪ್ಯೂಟರ್ ತಂದವರು." ಮೊದಮೊದಲು ತಮಾಷೆ. ಆಮೇಲೆ ಅದು ತಮಾಷೆಯಾಗಿ ಉಳಿಯಲಿಲ್ಲ. "ಒಳ್ಳೇ ಮನುಷ್ಯ, ಆದ್ರೆ ಹೊಸದರ ಗಾಳಿ ಇಲ್ಲ. ಮಗಳ ಮದುವೆ ಅವರ ಕೈಲಿ ಕೊಟ್ಟು ಆಮೇಲೆ ಪರದೆ ಕಪ್ಪಾದ್ರೆ?" ಎಂದು ಯಾರೋ ಹೇಳಿದ್ದು ಬಸ್ಸಿನಲ್ಲಿ ನನ್ನ ಕಿವಿಗೇ ಬಿತ್ತು. ಹಳೇ ಕ್ಯಾಮರಾದ ಮರಳು ಮರಳು ಚಿತ್ರವೂ ಆ ಮಾತಿಗೆ ಸಾಕ್ಷಿ ಕೊಟ್ಟಿತು. ಮೊದಲು ಆರತಕ್ಷತೆಗಳು ಹೋದವು, ಆಮೇಲೆ ಮದುವೆಗಳೂ. ಕಾಯಂ ಕರೆಯುತ್ತಿದ್ದ ಮಂಜಗುಣಿಯ ಮನೆಗಳೂ ಹೊಸ ಹುಡುಗರನ್ನು ಕರೆದವು. ಆ ಹುಡುಗರು ತೆಗೆದ ಮದುವೆಯ ಹಾರ್ಡ್ ಡಿಸ್ಕನ್ನು ಅಂಕೋಲೆಯಿಂದ ಶಿರವಾಡಕ್ಕೆ ಹೊತ್ತು ತರುವುದು ಯಾರು ಎಂದುಕೊಂಡಿರಿ? ಮಾವನೇ. ಕ್ಯಾಮರಾ ಇಡುತ್ತಿದ್ದ ಅದೇ ಚೀಲದಲ್ಲಿ ತಂದು ನನ್ನ ಮೇಜಿನ ಮೇಲಿಟ್ಟು, "ಇದು ಅವಸರದ್ದಂತೆ ಬಾಯ್" ಎನ್ನುತ್ತಿದ್ದರು.

ಒಂದು ಸಂಜೆ ತಡೆಯಲಾರದೆ ಕೇಳಿದೆ. "ಮಾವ, ಅಂದು ಯಾಕೆ ಹಾಗೆ ಹೇಳಿದ್ರಿ? ನಾನೇ ಹೇಳಿಬಿಡ್ತೆ ಎಲ್ಲರಿಗೂ."

ಅವರು ಬಾಲ್ಕನಿಯಲ್ಲಿ ಬನಿಯನ್ ಒಣಹಾಕುತ್ತಿದ್ದರು. ಹಿಂಡಿ, ಕೊಡವಿ, ನಿಧಾನವಾಗಿ ಹೇಳಿದರು. "ನಂಗೆ ಹೆಸರಾಗಿ ಎಷ್ಟೋ ಕಾಲ ಆಯ್ತು. ಅದರಲ್ಲಿ ಸ್ವಲ್ಪ ಹೋದ್ರೆ ಉಳಿದದ್ದು ಇರ್ತದೆ ಅಂತ ತಿಳಿದಿದ್ದೆ. ನಿಂದು ಇನ್ನೂ ಶುರುವೇ ಆಗಿರ್ಲಿಲ್ಲ. ಅಂದು ನಿನ್ನ ಹೆಸರು ಬಂದಿದ್ರೆ ಇಂದು ಒಬ್ಬನೂ ನಿನ್ನ ಕೈಗೆ ಡಿಸ್ಕ್ ಕೊಡ್ತಿರ್ಲಿಲ್ಲ." ಬನಿಯನ್ನು ತಂತಿಗೆ ಹಾಕಿ, "ಅಷ್ಟು ಹೋಗ್ತದೆ ಅಂತ ಮಾತ್ರ ಗೊತ್ತಿರ್ಲಿಲ್ಲ" ಎಂದು ನಕ್ಕರು.

ಆ ನಗು ನನ್ನ ಎದೆಗೆ ಚುಚ್ಚಿತು. ಹೇಳುತ್ತೇನೆ, ಹೇಳಿಯೇ ತೀರುತ್ತೇನೆ ಎಂದು ಹಟ ಹಿಡಿದೆ. "ಈಗ ಹೇಳಿ ಎಂತ ಮಾಡ್ತಿ? ನಿಂದೂ ಹೋಗ್ತದೆ, ನಂದೂ ಬರೂದಿಲ್ಲ. ಮನೆಗೆ ಅನ್ನ ಬರೂ ದಾರಿ ಅದೊಂದೇ ಈಗ. ಹೇಳಲೇಬೇಕು ಅಂದ್ರೆ ನಾ ಹೋದ್ಮೇಲೆ ಹೇಳು. ಆಗ ನಂಗೆ ಬೈಯೂಕೆ ಬರೂದಿಲ್ಲ" ಎಂದು ಬನಿಯನ್ನಿಗೆ ಕ್ಲಿಪ್ ಹಾಕಿ ಒಳಗೆ ಹೋದರು. ನಾನು ಆ ಮಾತಿಗೆ ಕಟ್ಟುಬಿದ್ದೆ ಎಂದು ಹೇಳಿದರೆ ಅರ್ಧ ಸುಳ್ಳು. ನಿಜ ಹೇಳಬೇಕೆಂದರೆ ನನಗೆ ಸಮಾಧಾನವೇ ಆಗಿತ್ತು, ಸದ್ಯ ಈಗಲೇ ಹೇಳಬೇಕಾಗಿಲ್ಲವಲ್ಲ ಎಂದು. ಆ ಸಮಾಧಾನಕ್ಕೆ ನನಗೆ ಇಂದಿಗೂ ಕ್ಷಮೆ ಇಲ್ಲ.

ಮುಂದೆ ನನ್ನ ದುಡಿಮೆಯಿಂದಲೇ ಅವರಿಗೆ ಹೊಸ ಕ್ಯಾಮರಾ ತಂದುಕೊಟ್ಟೆ. ಮಂದ ಬೆಳಕಿನಲ್ಲಿ ಎಲ್ಲವೂ ಹಗಲಿನ ಹಾಗೆ ಕಾಣುವಂಥದ್ದು. ಪೆಟ್ಟಿಗೆ ಬಿಚ್ಚಿ, ಕೈಯಲ್ಲಿ ತೂಗಿ, ಮನೆಯ ಮೂಲೆ ಮೂಲೆಗೂ ಹಿಡಿದು ನೋಡಿ, "ಎಷ್ಟ್ ಚಂದ ಬರ್ತದೆ ನೋಡೇ!" ಎಂದು ಕೂಗಿದರು. ಸಕ್ಕರೆ ಕಾಯಿಲೆಯಿಂದ ಅಷ್ಟರಲ್ಲಿ ಕಾಲಿಗೆ ಗಾಯವಾಗಿ ಹೆಚ್ಚು ಹೊತ್ತು ನಿಲ್ಲಲು ಆಗುತ್ತಿರಲಿಲ್ಲ. ಆಹೇರಿನ ಸಾಲು ಮುಗಿಯುವವರೆಗೆ ನಿಲ್ಲದವನು ವಿಡಿಯೋ ತೆಗೆಯಬಾರದು ಎಂಬುದು ಅವರದೇ ಕಾನೂನು. ಕ್ಯಾಮರಾ ಬಾಡಿಗೆಗೆ ಹೋಗತೊಡಗಿತು. ಅದರ ಬಾಡಿಗೆಯೂ ನನಗೇ.

ಈ ಸಲ ಮಳೆ ಬಿಡುವ ಹೊತ್ತಿಗೆ ಅವರಿಗೆ ಎದೆನೋವು ಬಂತು. ಆಸ್ಪತ್ರೆಗೆ ಸೇರಿಸಿದ ಮೂರನೇ ದಿನ ಹೋಗಿಬಿಟ್ಟರು. ಹಿಂದಿನ ಸಂಜೆಯೂ ನರ್ಸಮ್ಮನಿಗೆ, ಬೆಳಕು ಹಿಂದಿನಿಂದ ಬರುತ್ತಿದೆ, ಮುಖ ಕಪ್ಪಾಗುತ್ತದೆ, ಈ ಕಡೆ ನಿಲ್ಲು ಎಂದು ಹೇಳುತ್ತಿದ್ದರು.

ಹನ್ನೆರಡನೇ ದಿನದ ಊಟಕ್ಕೆ ಅಂಕೋಲೆಯ ಪೇಟೆಯವರೆಲ್ಲ ಶಿರವಾಡಕ್ಕೆ ಬಂದಿದ್ದರು. ಗೇರುಬೀಜದ ವ್ಯಾಪಾರಿ, ಟೇಲರ್, ರಿಪೇರಿಯವನು, ಬಾಡಿಗೆಗೆ ಕ್ಯಾಮರಾ ಒಯ್ಯುವ ಹುಡುಗರು. ಊಟದ ಎಲೆಯ ಮುಂದೆ ಮಾತು ಸುತ್ತಿ ಸುತ್ತಿ ಅಲ್ಲಿಗೇ ಬಂತು. ರಿಪೇರಿಯವನು ಮಾವನ ದನಿ ತೆಗೆದು, "ಪೆಟ್ಟಿಗೆ ಚಂದ ಕಂಡಿತು, ತಕ್ಕೊಂಡೆ" ಎಂದ. ಎಲ್ಲರೂ ನಕ್ಕರು, ಕಣ್ಣೂ ಒರೆಸಿಕೊಂಡರು. ನನ್ನ ಗಂಡನೂ ನಗುತ್ತಿದ್ದರು. ನನ್ನ ಕೈಯಲ್ಲಿ ಪಾಯಸದ ಪಾತ್ರೆ ಇತ್ತು. ಅದನ್ನು ನೆಲಕ್ಕಿಟ್ಟೆ.

"ಅದನ್ನ ಆರಿಸಿದ್ದು ಮಾವ ಅಲ್ಲ. ನಾನು" ಎಂದೆ. "ಅಂಗಡಿಯವರು ಹೇಳೂಕೆ ಬಂದ್ರು, ನಾನೇ ಬಾಯಿ ಮುಚ್ಚಿಸಿದೆ. ಮಾವ ಕೇಳ್ವ ಅಂತ ಹೇಳಿದ್ರು, ಅವರ ಮಾತೂ ಕೇಳ್ಲಿಲ್ಲ. ಎಲ್ಲ ನನ್ನ ತಪ್ಪು."

ಮಾವನ ತಂಗಿ, ನಾವು ಅಕ್ಕು ಎಂದು ಕರೆಯುವ ಮುದುಕಿ, ಎದ್ದು ಬಂದು ನನ್ನ ಗಲ್ಲ ಹಿಡಿದಳು. "ನೋಡ್ರೋ, ಸೊಸೆ ಅಂದ್ರೆ ಹೀಗಿರಬೇಕು. ಸತ್ತವನ ಮೇಲೆ ಒಂದು ಮಾತು ಉಳೀಬಾರ್ದು ಅಂತ ತನ್ನ ತಲೆ ಮೇಲೆ ಹಾಕ್ಕೊಳ್ತಾಳೆ ನನ್ನ ಬಂಗಾರ" ಎಂದು ಗೊಳೋ ಎಂದಳು.

"ಅಲ್ಲ ಅಕ್ಕೂ, ನಿಜವಾಗ್ಲೂ ನಾನೇ! ದೇವರಾಣೆ!" ಎಂದು ಕೂಗಿದೆ. ಕೂಗಿದಷ್ಟೂ ಅವರ ಕಣ್ಣು ಇನ್ನಷ್ಟು ತುಂಬಿದವು. ರಿಪೇರಿಯವನು ಎಲೆಯ ಮುಂದೆ ಕೈ ಮುಗಿದ. ಗಂಡ ನನ್ನ ಭುಜ ಹಿಡಿದು ಒಳಗೆ ಕರೆದುಕೊಂಡು ಹೋಗಿ, "ಸಾಕೇ, ನೀ ಅಪ್ಪನ್ನ ಎಷ್ಟು ಹಚ್ಕೊಂಡಿದ್ದೆ ಅಂತ ಎಲ್ಲರಿಗೂ ಗೊತ್ತದೆ" ಎಂದರು. ಅವರ ಮುಖ ನೋಡಿದೆ. ಅವರೂ ನಂಬಿರಲಿಲ್ಲ.

ಆ ಕತೆ ಈಗ ಅಂಕೋಲೆಯ ಪೇಟೆಯಲ್ಲಿ ಬೇರೆ ರೂಪದಲ್ಲಿ ಓಡಾಡುತ್ತಿದೆ. ಕಂಪ್ಯೂಟರ್ ತಿಳಿಯದ ಮಾವ, ಅವರ ಮಾನ ಕಾಯಲು ತಪ್ಪನ್ನೆಲ್ಲ ಮೈಮೇಲೆ ಎಳೆದುಕೊಂಡ ಸೊಸೆ. ಕಳೆದ ವಾರ ಮಂಜಗುಣಿಯಿಂದ ಒಬ್ಬರು ತಾಯಿ ಮಗಳನ್ನು ಕರೆದುಕೊಂಡು ಮನೆ ಹುಡುಕಿಕೊಂಡು ಬಂದರು. ಹಿಂದೆ ಮಾವನನ್ನು ಬಿಟ್ಟು ಹೊಸ ಹುಡುಗರನ್ನು ಕರೆದ ಮನೆಗಳಲ್ಲಿ ಅವರದೂ ಒಂದು. "ಮಾವನ ತಪ್ಪು ತನ್ನ ಮೇಲೆ ಹಾಕ್ಕೊಂಡ ಸೊಸೆ ನೀವೇ ಅಲ್ಲವಾ? ಅಂಥವರ ಕೈಲೇ ನನ್ನ ಮಗಳ ಮದುವೆ ವಿಡಿಯೋ ಆಗಬೇಕು ಅಂತ ಆಸೆ" ಎಂದರು. ಅಲ್ಲ ಎನ್ನಲು ಬಾಯಿ ತೆರೆದೆ. ಅವರು ಮುಂಗಡವನ್ನು ಮೇಜಿನ ಮೇಲಿಟ್ಟರು. ನಾನು ಮದುವೆ ಯಾವ ತಾರೀಕು ಎಂದು ಕೇಳಿದೆ.